ಒಂದೇ ಕೈಯಲ್ಲಿ ಎರಡು ಮುರಿತ: ಪಟ್ಟಿ ಸಾಕೇ, ಆಪರೇಷನ್ ಬೇಕೇ?

ಪ್ರಶ್ನೆ: ನನಗೆ 36 ವರ್ಷ. ಅರಸೀಕೆರೆ ಕಡೆಯವನು, ಹೊಲಿಗೆ ಕೆಲಸ. ಆರು ದಿನದ ಹಿಂದೆ ಬೈಕ್ ಜಾರಿ ಬಲಗೈ ಊರಿ ಬಿದ್ದೆ. ಎಕ್ಸ್‌ರೇ ನೋಡಿ, ಕಿರುಬೆರಳಿನ ಕೆಳಗೆ ಅಂಗೈಯ ಮೂಳೆ ಗೆಣ್ಣಿನ ಹತ್ತಿರ ಮುರಿದು ಬಾಗಿದೆ, ಉಂಗುರ ಬೆರಳಿನ ಬುಡದ ಮೂಳೆ ಓರೆಯಾಗಿ ಸೀಳಿದೆ ಎಂದರು. ಸದ್ಯಕ್ಕೆ ಅರ್ಧ ಪ್ಲಾಸ್ಟರ್ ಹಾಕಿದ್ದಾರೆ. ಒಬ್ಬ ಡಾಕ್ಟರು ಎರಡಕ್ಕೂ ಪ್ಲೇಟ್ ಹಾಕಬೇಕು ಅಂತಾರೆ. ಇನ್ನೊಬ್ಬರು ಆಪರೇಷನ್ ಬೇಡ, ಆರು ವಾರ ಪ್ಲಾಸ್ಟರ್‌ನಲ್ಲಿಟ್ಟರೆ ತಾನಾಗಿ ಕೂಡುತ್ತದೆ ಅಂತಾರೆ. ಮನೆಯಲ್ಲಿ ಅತ್ತೆಯವರು ಪುತ್ತೂರು ಕಟ್ಟು ಕಟ್ಟಿಸೋಣ ಎಂದು ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ? ಮತ್ತೆ ಕತ್ತರಿ ಹಿಡಿಯಲು ಎಷ್ಟು ದಿನ ಬೇಕು?

ಉತ್ತರ: ನಿಮ್ಮ ಇಬ್ಬರು ಡಾಕ್ಟರೂ ಅರ್ಧರ್ಧ ಸರಿ ಇರಬಹುದು. ಎರಡು ಮುರಿತಗಳು ಒಂದೇ ಗಳಿಗೆಯಲ್ಲಿ, ಒಂದೇ ಪೆಟ್ಟಿಗೆ ಆಗಿವೆ ನಿಜ, ಆದರೆ ಚಿಕಿತ್ಸೆಯ ಲೆಕ್ಕದಲ್ಲಿ ಅವು ಬೇರೆ ಬೇರೆ. ಕಿರುಬೆರಳಿನ ಕೆಳಗಿನದು ಬಹುತೇಕ ಆಪರೇಷನ್ ಇಲ್ಲದೆ ಸರಿಹೋಗುವಂಥದ್ದು. ಉಂಗುರ ಬೆರಳಿನದು ಹಾಗಲ್ಲ, ಅದಕ್ಕೆ ಆಪರೇಷನ್ ಬೇಕಾಗುವ ಸಂಭವವೇ ಹೆಚ್ಚು. ನಾನು ನಿಮ್ಮ ಕೈಯನ್ನೂ ನೋಡಿಲ್ಲ, ಫಿಲ್ಮನ್ನೂ ನೋಡಿಲ್ಲ. ಆದ್ದರಿಂದ ಇದೇ ತೀರ್ಪು ಎನ್ನಲಾರೆ. ಆದರೆ ಯಾವುದನ್ನು ನೋಡಿ ತೀರ್ಮಾನಿಸಬೇಕು ಎಂದು ಹೇಳಬಲ್ಲೆ. ಅದಕ್ಕೆ ಮುಂಚೆ ಒಂದು ತುರ್ತಿನ ಮಾತು: ಆರು ದಿನ ಆಗಿದೆ ಎಂದಿದ್ದೀರಿ. ಬೆರಳಿನ ಮೂಳೆ ಬೇಗ ಅಂಟುತ್ತದೆ. ಎರಡು ವಾರ ದಾಟಿತೆಂದರೆ ಸರಿದ ಮೂಳೆಯನ್ನು ಬರಿಗೈಯಲ್ಲಿ ಎಳೆದು ಕೂರಿಸುವುದು ಕಷ್ಟ, ಕೊಯ್ದು ಬಿಡಿಸಿಯೇ ಕೂಡಿಸಬೇಕಾಗುತ್ತದೆ. ಹಾಗಾಗಿ ಯೋಚನೆಗೆ ಎರಡು ಮೂರು ದಿನ ಇದೆ, ಎರಡು ಮೂರು ವಾರ ಇಲ್ಲ.

‘ತಾನಾಗಿ ಕೂಡುತ್ತದೆ’ ಎಂಬ ಮಾತು ಸುಳ್ಳಲ್ಲ. ಮುಂಗೈಯಿಂದ ಆಚೆಗೆ ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಇವುಗಳಲ್ಲಿ ಬೆರಳು ಮತ್ತು ಅಂಗೈಯ ಮೂಳೆಗಳು ಕೂಡದೆ ಉಳಿಯುವುದು ಅಪರೂಪ. ಕಷ್ಟ ಇರುವುದು ಕೂಡುವುದರಲ್ಲಿ ಅಲ್ಲ. ಬೆರಳನ್ನು ಮಡಿಸುವ ಚಾಚುವ ಸ್ನಾಯುರಜ್ಜುಗಳು (ಊರಿನಲ್ಲಿ ನಾವು ‘ನರ’ ಎಂದುಬಿಡುತ್ತೇವೆ) ಮೂಳೆಗೆ ತಾಗಿಕೊಂಡೇ ಓಡುತ್ತವೆ, ಪೈಜಾಮದ ಲಾಡಿ ಅದರ ಪಟ್ಟಿಯೊಳಗೆ ಜಾರುವ ಹಾಗೆ. ಪಟ್ಟಿ ಹೊಲಿಯುವಾಗ ಅರಿಯದೆ ಲಾಡಿಗೂ ಸೂಜಿ ಬಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಮುರಿದ ಮೂಳೆಯಿಂದ ಒಸರಿದ ರಕ್ತ, ಊತ, ಹೊಸ ಅಂಟು ಎಲ್ಲ ಸೇರಿ ಅದೇ ಕೆಲಸ ಮಾಡುತ್ತವೆ. ಮೂಳೆಯ ತುಂಡುಗಳು ಒಂದಕ್ಕೊಂದು ಅಂಟುವ ವೇಗದಲ್ಲೇ ರಜ್ಜು ಮೂಳೆಗೆ ಅಂಟುತ್ತದೆ. ಮೂಳೆ ಅಂಟಬೇಕು, ರಜ್ಜು ಅಂಟಬಾರದು. ಅದಕ್ಕಾಗಿ ಮೂಳೆ ಅಲುಗದಂತಿರಬೇಕು, ಬೆರಳು ಮಾತ್ರ ಆದಷ್ಟು ಬೇಗ ಆಡಬೇಕು. ಪ್ಲಾಸ್ಟರ್, ತಂತಿ, ಸ್ಕ್ರೂ, ಪ್ಲೇಟು ಎಲ್ಲ ಈ ಎರಡನ್ನೂ ಒಟ್ಟಿಗೆ ಸಾಧಿಸಲು ಇರುವ ಬೇರೆ ಬೇರೆ ದಾರಿಗಳು.

ವೃತ್ತಿಗೆ ಬಂದ ಹೊಸದರಲ್ಲಿ ನೋಡಿದ ಒಬ್ಬ ಯುವಕನನ್ನು ನಾನು ಮರೆತಿಲ್ಲ. ಅಡಿಕೆ ಕೊನೆ ತೆಗೆಯುವವನು. ಬೇರೊಂದು ಕಡೆ ಅವನ ಎಲ್ಲ ಬೆರಳುಗಳನ್ನೂ ನೇರಕ್ಕೆ ಚಾಚಿ ಹಲಗೆಯ ಹಾಗೆ ಪ್ಲಾಸ್ಟರ್ ಹಾಕಿ ಏಳು ವಾರ ಬಿಟ್ಟಿದ್ದರು. ಎಕ್ಸ್‌ರೇ ಹಿಡಿದು ನೋಡಿದರೆ ಮೂಳೆ ಎಷ್ಟು ಚೆಂದ ಕೂಡಿತ್ತೆಂದರೆ ಮುರಿದ ಜಾಗ ಹುಡುಕಬೇಕಿತ್ತು. ಆದರೆ ಅವನಿಗೆ ಹಗ್ಗ ಹಿಡಿಯಲು ಆಗುತ್ತಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ ಮಾಡಿಸಿದರೂ ಮುಷ್ಟಿ ಪೂರ್ತಿ ಮುಚ್ಚಲಿಲ್ಲ. ಅವತ್ತಿನಿಂದ ಯಾರಾದರೂ ಬೆರಳಿಗೆ ‘ಆರು ವಾರ ಪ್ಲಾಸ್ಟರ್’ ಎಂದರೆ ನನಗೆ ಕಸಿವಿಸಿಯಾಗುತ್ತದೆ. ಬೆರಳುಗಳನ್ನು ಮೂರು, ಹೆಚ್ಚೆಂದರೆ ನಾಲ್ಕು ವಾರಕ್ಕಿಂತ ಹೆಚ್ಚು ಪೂರ್ತಿ ಕಟ್ಟಿಡಬಾರದು. ಕಟ್ಟುವಾಗಲೂ ಒಂದು ಭಂಗಿ ಇದೆ: ಮಣಿಕಟ್ಟು ಸ್ವಲ್ಪ ಹಿಂದಕ್ಕೆ, ಅಂದರೆ 20–30 ಡಿಗ್ರಿ ಎತ್ತಿರಬೇಕು. ಬೆರಳ ಬುಡದ ದೊಡ್ಡ ಗೆಣ್ಣು ಹೆಚ್ಚುಕಡಿಮೆ ಲಂಬವಾಗಿ, 70ರಿಂದ 90 ಡಿಗ್ರಿ ಬಾಗಿರಬೇಕು. ಅದರಾಚೆಯ ಎರಡು ಗೆಣ್ಣು ನೇರವಾಗಿರಬೇಕು. ದೊಡ್ಡ ಗೆಣ್ಣು ಬಾಗಿದಾಗ ಅದರ ಪಕ್ಕದಲ್ಲಿ ಮೂಳೆಗೆ ಮೂಳೆಯನ್ನು ಬಿಗಿದಿರುವ ನಾರುಗಳು ಪೂರ್ತಿ ಎಳೆದುಕೊಂಡಿರುತ್ತವೆ. ನೇರವಾಗಿಟ್ಟರೆ ಸಡಿಲವಾಗಿದ್ದು ಅಲ್ಲೇ ಕುಗ್ಗಿಬಿಡುತ್ತವೆ, ಆಮೇಲೆ ಬಾಗಲು ಬಿಡುವುದಿಲ್ಲ. ಈಗ ನಿಮ್ಮ ಅರ್ಧ ಪ್ಲಾಸ್ಟರ್ ಕಡೆ ಒಮ್ಮೆ ನೋಡಿ. ಬೆರಳುಗಳು ಬುಡದಿಂದ ತುದಿಯವರೆಗೂ ನೇರವಾಗಿದ್ದರೆ ಬೇರೆ ಯಾವ ತೀರ್ಮಾನಕ್ಕೂ ಕಾಯದೆ ನಾಳೆಯೇ ಅದನ್ನು ಬದಲಾಯಿಸಿಕೊಳ್ಳಿ.

ಕಿರುಬೆರಳಿನ ವಿಷಯ. ಅಂಗೈ ಮೂಳೆಯ ಕುತ್ತಿಗೆಯಲ್ಲಿ ಆಗುವ ಈ ಮುರಿತವನ್ನು ಡಾಕ್ಟರುಗಳು ‘ಬಾಕ್ಸರ್ ಮುರಿತ’ ಎನ್ನುತ್ತಾರೆ, ಗೋಡೆಗೋ ಮೋರೆಗೋ ಗುದ್ದಿದವರಲ್ಲಿ ಹೆಚ್ಚು ಕಾಣುವುದರಿಂದ. ಮೂಳೆಯ ತಲೆ ಅಂಗೈ ಕಡೆ ಬಾಗಿರುತ್ತದೆ. ಎಕ್ಸ್‌ರೇನಲ್ಲಿ ಆ ಬಾಗು ಕಂಡರೆ ಎಂಥವರಿಗೂ ಗಾಬರಿ. ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮ ಚೆನ್ನಾಗಿರುವ ಎಡಗೈಯ ಕಿರುಬೆರಳಿನ ಗೆಣ್ಣನ್ನು ಯಾರಿಂದಾದರೂ ಹಿಡಿಸಿ ಮೇಲಕ್ಕೆ ಕೆಳಕ್ಕೆ ಆಡಿಸಿ, ಅಂಗೈ ಮೂಳೆಯೇ ಅಲುಗುತ್ತದೆ. ತೋರುಬೆರಳಿನ ಗೆಣ್ಣು ಹಿಡಿದು ಹಾಗೇ ಆಡಿಸಿ, ಕದಲುವುದಿಲ್ಲ. ಕಿರುಬೆರಳು, ಉಂಗುರ ಬೆರಳಿನ ಅಂಗೈ ಮೂಳೆಗಳಿಗೆ ಮಣಿಕಟ್ಟಿನ ಹತ್ತಿರ ಈ ಸಡಿಲ ಇರುವುದರಿಂದಲೇ ಬಾಗಿ ಕೂಡಿದರೂ ಕೈ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಕಿರುಬೆರಳಿನ ಕುತ್ತಿಗೆಯಲ್ಲಿ 40 ಡಿಗ್ರಿ ಬಾಗಿದ್ದರೂ ಹೆಚ್ಚಿನ ಕೈತಜ್ಞರು ಆಪರೇಷನ್ ಮಾಡುವುದಿಲ್ಲ. ಅದೇ ಬಾಗು ತೋರುಬೆರಳಿನಲ್ಲೋ ಮಧ್ಯದ ಬೆರಳಿನಲ್ಲೋ ಇದ್ದರೆ 10–15 ಡಿಗ್ರಿಗೇ ನಾವು ಎಚ್ಚರಗೊಳ್ಳುತ್ತೇವೆ.

ಹಾಗಾಗಿ ತಿರುಚು ಇಲ್ಲದಿದ್ದರೆ ಆ ಮುರಿತಕ್ಕೆ ಪ್ಲೇಟು ಬೇಡ ಎಂದೇ ನನ್ನ ಅಭಿಪ್ರಾಯ. ಕಿರುಬೆರಳನ್ನು ಪಕ್ಕದ ಬೆರಳಿಗೆ ಜೋಡಿಸಿ ಪಟ್ಟಿ ಸುತ್ತಿ ಮೊದಲ ವಾರದಿಂದಲೇ ಆಡಿಸುವುದು ಎಷ್ಟೋ ಸಲ ಸಾಕು. ನಿಮ್ಮಲ್ಲಿ ಪಕ್ಕದ ಬೆರಳೇ ಮುರಿದಿರುವುದರಿಂದ ಅದಕ್ಕೆ ಸಣ್ಣ ಸ್ಪ್ಲಿಂಟ್ (ಅಲುಗದಂತೆ ಹಿಡಿಯುವ ಆಸರೆ) ಬೇಕಾಗಬಹುದು. ಕೊನೆಗೆ ಏನು ಉಳಿಯುತ್ತದೆಂದು ಈಗಲೇ ತಿಳಿದಿರಲಿ: ಮುಷ್ಟಿ ಕಟ್ಟಿದಾಗ ಆ ಗೆಣ್ಣಿನ ಉಬ್ಬು ಮೊದಲಿನಷ್ಟು ಎದ್ದು ಕಾಣದು. ಕೆಲವರಿಗೆ ಏನಾದರೂ ಬಿಗಿಯಾಗಿ ಹಿಡಿದಾಗ ಅಂಗೈಯಲ್ಲಿ ಸಣ್ಣ ಗಂಟು ಒತ್ತಿದ ಹಾಗೆ ಅನಿಸುತ್ತದೆ. ಇದನ್ನು ತಪ್ಪಿಸಲೆಂದು ಕೊಯ್ದು ಪ್ಲೇಟು ಹಾಕಿ, ರಜ್ಜು ಅಂಟಿಸಿಕೊಂಡು ಕೂರುವುದು ಲಾಭದ ವ್ಯವಹಾರ ಅಲ್ಲ.

ಒಂದು ಎಚ್ಚರಿಕೆ ನಿಮಗಲ್ಲ, ಇದೇ ಮುರಿತ ಜಗಳದಲ್ಲಿ ಆದವರಿಗೆ. ಗೆಣ್ಣಿನ ಮೇಲೆ ಚಿಕ್ಕ ಗಾಯ ಇದ್ದು, ಅದು ಎದುರಿನವರ ಹಲ್ಲು ತಾಗಿ ಆದದ್ದಾದರೆ ಮುಚ್ಚಿಡಬೇಡಿ. ಬಾಯಿಯ ಕೊಳೆ ನೇರ ಕೀಲಿನೊಳಗೆ ಹೋಗಿರುತ್ತದೆ. ಒಂದೆರಡು ದಿನದಲ್ಲೇ ಕೀವು ತುಂಬಿ ಕೀಲು ಹಾಳಾಗಬಹುದು. ನಾಚಿಕೆಗೆ ‘ಬಾಗಿಲಿಗೆ ಸಿಕ್ಕಿತು’ ಎಂದು ಹೇಳಿ ಬೆರಳು ಕಳೆದುಕೊಂಡವರಿದ್ದಾರೆ.

ಈಗ ಉಂಗುರ ಬೆರಳು. ನಿಮ್ಮ ಪ್ರಶ್ನೆಯ ಗಟ್ಟಿ ಭಾಗ ಇದೇ. ಬೆರಳ ಬುಡದ ಮೂಳೆಯ ಕೆಳಗೆ ಮಡಿಸುವ ರಜ್ಜುಗಳು ಕೊಳವೆಯೊಳಗೆ ಓಡುತ್ತವೆ, ಮೇಲೆ ಚಾಚುವ ರಜ್ಜು ಹಾಳೆಯ ಹಾಗೆ ಹೊದ್ದಿರುತ್ತದೆ. ನಡುವೆ ಮಾಂಸದ ಮೆತ್ತೆ ಇಲ್ಲ. ರಜ್ಜು ಅಂಟುವ ಅಪಾಯ ಇಡೀ ಕೈಯಲ್ಲಿ ಹೆಚ್ಚಿರುವ ಜಾಗಗಳಲ್ಲಿ ಇದೊಂದು. ಮೇಲಾಗಿ ಓರೆ ಸೀಳು ಎಂದರೆ ಎರಡು ತುಂಡುಗಳು ಜಾರುಬಂಡೆಯ ಮೇಲಿದ್ದ ಹಾಗೆ. ಇವತ್ತು ಸರಿಯಾಗಿ ಕೂರಿಸಿದರೂ ರಜ್ಜುಗಳ ಎಳೆತಕ್ಕೆ ನಾಳೆ ಜಾರುತ್ತವೆ, ಬೆರಳು ಗಿಡ್ಡವಾಗುತ್ತದೆ, ಇಲ್ಲವೇ ತಿರುಚಿಕೊಳ್ಳುತ್ತದೆ.

ಈ ತಿರುಚಿಗೆ ಕೈ ಮಾಫಿ ಕೊಡುವುದಿಲ್ಲ. ಬಾಗನ್ನು ಸಹಿಸುತ್ತದೆ, ಸ್ವಲ್ಪ ಗಿಡ್ಡವಾದರೂ ಸಹಿಸುತ್ತದೆ, ತಿರುಚನ್ನು ಸಹಿಸದು. ಅಂಗೈ ಮೂಳೆಯಲ್ಲಿ ಬರೀ 5 ಡಿಗ್ರಿ ತಿರುಚಿದರೂ ಮುಷ್ಟಿ ಕಟ್ಟುವಾಗ ಬೆರಳ ತುದಿ ಒಂದೂವರೆ ಸೆಂಟಿಮೀಟರ್‌ವರೆಗೆ ಪಕ್ಕದ ಬೆರಳಿನ ಮೇಲೆ ಹತ್ತಿ ಕೂರಬಹುದು. ಇದು ಎಕ್ಸ್‌ರೇನಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಕೈಯನ್ನೇ ನೋಡಬೇಕು. ಬೆರಳುಗಳನ್ನು ಮೆಲ್ಲಗೆ ಮಡಿಸಿದಾಗ ನಾಲ್ಕೂ ತುದಿಗಳು ಹೆಬ್ಬೆರಳಿನ ಬುಡದ ಕಡೆ, ಮಣಿಕಟ್ಟಿನ ಒಂದೇ ಜಾಗಕ್ಕೆ ಬೊಟ್ಟು ಮಾಡಿದ ಹಾಗೆ ಹೋಗಬೇಕು. ಯಾವುದಾದರೂ ಒಂದು ಪಕ್ಕದ್ದರ ಮೇಲೆ ಹತ್ತಿದರೆ, ಅಥವಾ ತುದಿಯಿಂದ ನೋಡಿದಾಗ ಒಂದು ಉಗುರು ಉಳಿದವುಗಳ ಸಾಲಿನಿಂದ ಬೇರೆ ಕಡೆಗೆ ವಾಲಿದ್ದರೆ ತಿರುಚು ಇದೆ ಎಂದರ್ಥ. ಎರಡೂ ಕೈ ಹೋಲಿಸಿ ನೋಡಿ. ನೋವಿಗೆ ಮಡಿಸಲಾಗದಿದ್ದರೆ ಬೆರಳ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನೋಡಬಹುದು. ಆ ಪರೀಕ್ಷೆ ಮಾಡದೆ, ಬರೀ ಫಿಲ್ಮ್ ಬೆಳಕಿಗೆ ಹಿಡಿದು ‘ಪ್ಲೇಟು’ ಅಥವಾ ‘ಪ್ಲಾಸ್ಟರ್’ ಎಂದರೆ ಎರಡೂ ಅವಸರದ ಮಾತು. ಯಾರೇ ಆಗಲಿ, ದಯವಿಟ್ಟು ಪಟ್ಟಿ ಬಿಚ್ಚಿ ಬೆರಳು ಮಡಿಸಿ ನೋಡಿ ಎಂದು ಕೇಳಿ. ಕೇಳುವುದರಲ್ಲಿ ಅವಿನಯವೇನಿಲ್ಲ.

ತಿರುಚಿಲ್ಲ, ಸರಿದಿಲ್ಲ ಎಂದಾದರೆ ಜೋಡಿ ಪಟ್ಟಿ, ಸ್ಪ್ಲಿಂಟ್ ಸಾಕು. ಆದರೆ ಮೊದಲ ಎರಡು ವಾರ ಪ್ರತಿ ವಾರವೂ ಎಕ್ಸ್‌ರೇ ತೆಗೆಸಿ ಜಾರಿದೆಯೇ ನೋಡಬೇಕು. ಜಾರಿದ್ದರೆ, ತಿರುಚಿದ್ದರೆ ಆಪರೇಷನ್. ಅದರಲ್ಲಿ ಹಲವು ಬಗೆ ಇವೆ. ಎಲ್ಲಕ್ಕಿಂತ ಸರಳ ಕೆ-ವೈರ್, ಆಸ್ಪತ್ರೆಯಲ್ಲಿ ‘ತಂತಿ’ ಎನ್ನುವುದು. ಒಂದು ಮಿಲಿಮೀಟರ್ ಆಸುಪಾಸಿನ ದಪ್ಪದ ಉಕ್ಕಿನ ಕಡ್ಡಿಯನ್ನು ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಚಿತ್ರ ನೋಡುತ್ತಾ ಚರ್ಮದ ಮೂಲಕವೇ ತೂರಿಸುತ್ತಾರೆ. ಕೊಯ್ತ ಇಲ್ಲ, ಖರ್ಚು ಕಡಿಮೆ. ಮೂರು ನಾಲ್ಕು ವಾರದ ನಂತರ ಓಪಿಡಿಯಲ್ಲೇ ಎಳೆದು ತೆಗೆಯುತ್ತಾರೆ. ತಂತಿಯ ತುದಿ ಹೊರಗಿರುವುದರಿಂದ ನೀರು ಕೊಳೆ ತಾಗದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಕೀವಾಗುತ್ತದೆ. ತಂತಿ ಇರುವಷ್ಟು ದಿನ ಬೆರಳನ್ನು ಪೂರ್ತಿ ಆಡಿಸಲೂ ಆಗದು.

ಎರಡನೆಯದು ಬರೀ ಸ್ಕ್ರೂ. ಸೀಳು ಉದ್ದವಾಗಿದ್ದರೆ, ಅಂದರೆ ಮೂಳೆಯ ಅಗಲದ ಎರಡರಷ್ಟಾದರೂ ಇದ್ದರೆ, ಅಕ್ಕಿಕಾಳಿಗಿಂತ ಸಣ್ಣಗಿನ ಎರಡು ಮೂರು ಸ್ಕ್ರೂಗಳು ತುಂಡುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುತ್ತವೆ. ಕೆಲವೇ ದಿನಗಳಲ್ಲಿ ಬೆರಳು ಆಡಿಸಲು ಶುರು ಮಾಡಬಹುದು. ನಿಮ್ಮ ಸೀಳು ಅಂಥದ್ದಾಗಿದ್ದರೆ ನನ್ನ ಒಲವು ಇದರ ಕಡೆಗೇ. ಪ್ಲೇಟು ಇವೆಲ್ಲಕ್ಕಿಂತ ಗಟ್ಟಿ. ಮೂಳೆ ಚೂರುಚೂರಾಗಿದ್ದರೆ, ನಡುವೆ ತುಂಡೇ ಹೋಗಿದ್ದರೆ ಅದಿಲ್ಲದೆ ವಿಧಿಯಿಲ್ಲ. ಆದರೆ ಬುಡದ ಮೂಳೆಯ ಮೇಲೆ ಪ್ಲೇಟು ಕೂರಿಸಲು ಚಾಚುವ ರಜ್ಜನ್ನು ಸರಿಸಲೇಬೇಕು, ಆಮೇಲೆ ಆ ರಜ್ಜು ಲೋಹದ ಮೇಲೆಯೇ ಉಜ್ಜಿಕೊಂಡು ಓಡಬೇಕು. ಬೆರಳು ಗಡುಸಾಗುವುದು ಪ್ಲೇಟಿನಲ್ಲೇ ಹೆಚ್ಚು. ಸ್ಕ್ರೂ ಇಲ್ಲವೇ ತಂತಿಯಲ್ಲಿ ಮುಗಿಯುವುದಕ್ಕೆ ನಾನು ಪ್ಲೇಟು ಹಾಕುವುದಿಲ್ಲ. ಈಚೆಗೆ ಮೂಳೆಯ ಪೊಳ್ಳಿನೊಳಗೇ ತಲೆಯಿಲ್ಲದ ಸ್ಕ್ರೂ ತೂರಿಸುವುದೂ ಇದೆ, ಅದು ಅಡ್ಡ ಮುರಿತಕ್ಕೆ ಚೆನ್ನ, ನಿಮ್ಮಂಥ ಓರೆ ಸೀಳಿಗೆ ಅಷ್ಟು ಹೊಂದುವುದಿಲ್ಲ. ಯಂತ್ರಕ್ಕೆ ಸಿಕ್ಕಿ ಚರ್ಮವೂ ಕಿತ್ತುಹೋದ ಕೈಗಳಿಗೆ ಹೊರಗಿನಿಂದ ಚೌಕಟ್ಟು ಕಟ್ಟುತ್ತಾರೆ, ಅದು ಬೇರೆಯೇ ಕಥೆ.

ಡಾಕ್ಟರ ಹತ್ತಿರ ಹೋದಾಗ ಯಾವ ಕಂಪನಿಯ ಪ್ಲೇಟು ಎಂದು ಕೇಳಬೇಡಿ. ‘ಆಪರೇಷನ್ ಆದ ಎಷ್ಟನೇ ದಿನ ಬೆರಳು ಆಡಿಸಲು ಬಿಡುತ್ತೀರಿ?’ ಎಂದು ಕೇಳಿ. ಪ್ಲೇಟು ಹಾಕಿ ಮತ್ತೆ ನಾಲ್ಕು ವಾರ ಪ್ಲಾಸ್ಟರ್ ಎಂದರೆ ಎರಡೂ ಕಡೆಯ ನಷ್ಟ.

ಇನ್ನೊಂದು ವಿಷಯ ವಿಚಾರಿಸಿ ನೋಡಿ. ಪೂರ್ತಿ ಎಚ್ಚರ ತಪ್ಪಿಸದೆ, ತೋಳಿಗೆ ಬಿಗಿ ಪಟ್ಟಿಯೂ ಕಟ್ಟದೆ, ಮರಗಟ್ಟಿಸುವ ಔಷಧಿಯ ಜೊತೆ ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಸೇರಿಸಿ ಚುಚ್ಚಿ ಮಾಡುವ ಆಪರೇಷನ್ ಇದೆ. ಬೆರಳಿಗೆ ಅಡ್ರಿನಲಿನ್ ಕೊಟ್ಟರೆ ಬೆರಳು ಸಾಯುತ್ತದೆ ಎಂದೇ ನಾವೆಲ್ಲ ಓದಿದ್ದೆವು. ಕೆನಡಾದ ಡೊನಾಲ್ಡ್ ಲಾಲೊಂಡ್ ಮತ್ತು ಅವರ ಜೊತೆಯವರ ಕೆಲಸದಿಂದ ಆ ಭಯ ಹೋಯಿತು. ಇದರ ದೊಡ್ಡ ಅನುಕೂಲ ಏನೆಂದರೆ ಮೇಜಿನ ಮೇಲೆ ಮಲಗಿರುವಾಗಲೇ ‘ಮುಷ್ಟಿ ಕಟ್ಟಿ’ ಎಂದರೆ ನೀವೇ ಕಟ್ಟಿ ತೋರಿಸಬಹುದು. ತಿರುಚು ಉಳಿದಿದ್ದರೆ ಹೊಲಿಗೆ ಹಾಕುವ ಮುಂಚೆಯೇ ತಿಳಿಯುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಒಂದಿದೆ. ಕೈ ಊರಿ ಬಿದ್ದಿದ್ದೇನೆ ಎಂದಿದ್ದೀರಿ. ಹೆಬ್ಬೆರಳನ್ನು ಮೇಲಕ್ಕೆ ಚಾಚಿದಾಗ ಅದರ ಬುಡದಲ್ಲಿ ಒಂದು ಗುಳಿ ಕಾಣುತ್ತದೆ, ಹಿಂದಿನವರು ನಶ್ಯ ಇಟ್ಟುಕೊಂಡು ಏರಿಸುತ್ತಿದ್ದ ಜಾಗ. ಅಲ್ಲಿ ಒತ್ತಿದರೆ ನೋಯುತ್ತದೆಯೇ? ನೋಯುವುದಾದರೆ ಮಣಿಕಟ್ಟಿನ ಸ್ಕಫಾಯ್ಡ್ ಎಂಬ ಗೋಡಂಬಿಯಷ್ಟು ಮೂಳೆ ಮುರಿದಿರಬಹುದು. ಮೊದಲ ಎಕ್ಸ್‌ರೇನಲ್ಲಿ ಇದು ಎಷ್ಟೋ ಸಲ ಕಾಣುವುದಿಲ್ಲ. ‘ಉಳುಕು’ ಎಂದು ಎಣ್ಣೆ ಹಚ್ಚಿ ಬಿಟ್ಟುಬಿಡುತ್ತಾರೆ. ಎರಡು ಮೂರು ಬೆರಳು ಮುರಿದು ಊದಿಕೊಂಡಿರುವಾಗಲಂತೂ ಅದರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಈ ಮೂಳೆಗೆ ರಕ್ತ ಬೆರಳ ಕಡೆಯ ತುದಿಯಿಂದ ಹಿಮ್ಮುಖವಾಗಿ ಹರಿಯುತ್ತದೆ. ನಡುವೆ ಮುರಿದರೆ ಮಣಿಕಟ್ಟಿನ ಕಡೆಯ ತುಂಡಿಗೆ ರಕ್ತ ನಿಂತು ಅದು ಸತ್ತೇ ಹೋಗಬಹುದು, ವರ್ಷಗಳ ನಂತರ ಮಣಿಕಟ್ಟೇ ಸವೆಯುತ್ತದೆ. ಬೆರಳಿನ ಮೂಳೆಗಳ ಬಗ್ಗೆ ಮೇಲೆ ಹೇಳಿದ ಧೈರ್ಯ ಇದಕ್ಕೆ ಅನ್ವಯಿಸುವುದಿಲ್ಲ. ಇದಕ್ಕೆ ಎಂಟರಿಂದ ಹನ್ನೆರಡು ವಾರ ಪ್ಲಾಸ್ಟರ್ ಬೇಕಾಗಬಹುದು, ಸರಿದಿದ್ದರೆ ಸ್ಕ್ರೂ. ಗುಳಿ ನೋಯುತ್ತಿದ್ದರೆ ಹತ್ತು ಹದಿನಾಲ್ಕು ದಿನದ ನಂತರ ಮತ್ತೆ ಎಕ್ಸ್‌ರೇ, ಅಥವಾ ಈಗಲೇ ಎಂಆರ್‌ಐ ಮಾಡಿಸಿ.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಹೇಳುವುದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿಯ ಹತ್ತಿರದ ಆಂಧ್ರದ ಪುತ್ತೂರು. ಅಲ್ಲಿನ ಮೂಳೆ ಕಟ್ಟುವವರ ಹೆಸರಿನ ಬೋರ್ಡುಗಳು ಬೆಂಗಳೂರಿನ ಬೀದಿಗಳಲ್ಲೂ ಇವೆ. ಎಕ್ಸ್‌ರೇ ಇಲ್ಲದ ಕಾಲದಲ್ಲಿ, ಹತ್ತಾರು ಮೈಲಿಗೂ ಆಸ್ಪತ್ರೆ ಇಲ್ಲದ ಊರುಗಳಲ್ಲಿ ಇಂಥ ಮನೆತನಗಳೇ ಜನರ ಕೈಹಿಡಿದಿದ್ದು. ಅತ್ತೆಯವರ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ, ಅವರ ಕಣ್ಣೆದುರೇ ಎಷ್ಟೋ ಮೂಳೆಗಳು ಕೂಡಿರುತ್ತವೆ. ಮೂಳೆಗೆ ಕೂಡುವ ಗುಣ ಇದೆಯಲ್ಲ! ಆದರೆ ನಿಮ್ಮ ಕೈಗೆ ಬೇಕಾಗಿರುವುದು ಕೂಡಿಸುವವರಲ್ಲ, ತಿರುಚನ್ನು ಅಳೆದು ಬಿಡಿಸುವವರು, ಗೆಣ್ಣನ್ನು ಸರಿಯಾದ ಕೋನದಲ್ಲಿಟ್ಟು ಮೂರನೇ ವಾರಕ್ಕೆ ಆಡಿಸುವವರು. ಬಿದಿರಿನ ದಬ್ಬೆ, ಬಟ್ಟೆಯ ಬಿಗಿ ಸುತ್ತು, ತೈಲದ ತಿಕ್ಕು ಇದನ್ನು ಮಾಡಲಾರವು. ಊದಿದ ಕೈಗೆ ಬಿಗಿಯಾಗಿ ಸುತ್ತಿದ ಕಟ್ಟಿನೊಳಗೆ ರಕ್ತ ನಿಂತು ಬೆರಳು ಕಪ್ಪಾಗಿ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಅತ್ತೆಯವರನ್ನೇ ಜೊತೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬೆರಳು ಒಂದರ ಮೇಲೊಂದು ಹತ್ತುವುದನ್ನು ಅವರಿಗೇ ತೋರಿಸಿ. ವಾದಕ್ಕಿಂತ ಅದು ಮೇಲು.

ಪ್ಲಾಸ್ಟರ್ ಇರಲಿ, ಕಟ್ಟು ಇರಲಿ, ಬೆರಳ ತುದಿ ನೀಲಿಯಾದರೆ, ತಣ್ಣಗಾದರೆ, ಜೋಮು ಬಿಡದಿದ್ದರೆ, ಮಾತ್ರೆಗೂ ಬಗ್ಗದೆ ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯೇ ಹೋಗಿ ಬಿಚ್ಚಿಸಿ. ಉಂಗುರ ಬೆರಳಿನಲ್ಲಿ ಉಂಗುರ ಇನ್ನೂ ಇದ್ದರೆ ಇವತ್ತೇ ತೆಗೆಸಿ, ಸೋಪಿಗೆ ಬರದಿದ್ದರೆ ಕತ್ತರಿಸಲಿ. ಕೈಯನ್ನು ಎದೆಗಿಂತ ಮೇಲೆ ಇಟ್ಟುಕೊಳ್ಳಿ, ಹೊಟ್ಟೆಯ ಹತ್ತಿರ ಜೋಲಿ ಬಿಟ್ಟುಕೊಂಡು ಓಡಾಡಿದರೆ ಊತ ಇಳಿಯದು. ಬೀಡಿ ಸಿಗರೇಟು ಸೇದುವುದಿದ್ದರೆ ಬಿಡಿ, ಅದು ಮೂಳೆ ಕೂಡುವುದನ್ನು ನಿಧಾನಿಸುತ್ತದೆ. ಸಕ್ಕರೆ ಕಾಯಿಲೆ ಇದೆಯೇ ನೋಡಿಸಿಕೊಳ್ಳಿ. ಕಾಲು ಸೂಪು ಕುಡಿದರೇ ಮೂಳೆ ಕೂಡುವುದೆಂದೇನಿಲ್ಲ, ನಿಮ್ಮ ಮನೆಯ ರಾಗಿಮುದ್ದೆ, ಹಾಲು, ಮೊಟ್ಟೆ ಸಾಕು.

ಖರ್ಚಿನ ಯೋಚನೆ ಇದ್ದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ. ತಂತಿ, ಸ್ಕ್ರೂ ಹಾಕುವುದು ಮೂಳೆ ಡಾಕ್ಟರುಗಳ ದಿನನಿತ್ಯದ ಕೆಲಸ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬರುತ್ತದೆಯೇ ಎಂದು ಅಲ್ಲೇ ವಿಚಾರಿಸಿ.

ಕೊನೆಯದಾಗಿ ಕತ್ತರಿ. ಸ್ಕ್ರೂ ಹಾಕಿದರೆ ಮೊದಲ ವಾರದಿಂದ, ತಂತಿ ಹಾಕಿದರೆ ಅದು ತೆಗೆದ ದಿನದಿಂದ, ಗಂಟೆಗೊಮ್ಮೆ ಹತ್ತು ಸಲ ಬೆರಳು ಮಡಿಸಿ ಚಾಚುವುದು ನಿಮ್ಮ ಕೆಲಸ. ನಡುಗೆಣ್ಣು ಪೂರ್ತಿ ಚಾಚುತ್ತಿದೆಯೇ ಎಂಬುದರ ಮೇಲೆ ಕಣ್ಣಿಡಿ, ಮೊದಲು ಗಡುಸಾಗುವುದು ಅದೇ. ಮೂರು ನಾಲ್ಕು ತಿಂಗಳಾದರೂ ಎಕ್ಸ್‌ರೇನಲ್ಲಿ ಮುರಿತದ ಗೀಟು ಕಾಣಬಹುದು, ಅದಕ್ಕೆ ಹೆದರಿ ಕೈ ಕಟ್ಟಿಕೊಂಡು ಕೂರಬೇಡಿ. ಒತ್ತಿದರೆ ನೋವಿಲ್ಲ ಎಂದಾದರೆ ಮೂಳೆ ಹಿಡಿದುಕೊಂಡಿದೆ ಎಂದೇ ಲೆಕ್ಕ. ಒಳಗಿರುವ ಸ್ಕ್ರೂ ತೊಂದರೆ ಕೊಡದಿದ್ದರೆ ತೆಗೆಸಬೇಕಾಗಿಲ್ಲ. ಎಲ್ಲ ನೆಟ್ಟಗೆ ನಡೆದರೆ ನಾಲ್ಕೈದು ವಾರಕ್ಕೆ ಮೆಷಿನ್ ಮುಂದೆ ಕೂತು ಬಟ್ಟೆ ಸರಿಸಬಹುದು, ಗುಂಡಿ, ಕಾಜಾ ಕೆಲಸ ಮಾಡಬಹುದು. ತೆಳು ಬಟ್ಟೆಗೆ ಕತ್ತರಿ ಹಿಡಿಯಲು ಆರರಿಂದ ಎಂಟು ವಾರ ಎಂದಿಟ್ಟುಕೊಳ್ಳಿ. ಕೋಟು, ಪ್ಯಾಂಟಿನ ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಹಾಕಿ ಕತ್ತರಿಸುವುದನ್ನು ಮಾತ್ರ ಮೂರು ತಿಂಗಳು ತುಂಬುವವರೆಗೆ ಅಂಗಡಿಯಲ್ಲಿ ಬೇರೆ ಯಾರಿಗಾದರೂ ಬಿಡಿ.